24-7 ಮುಂದಿದ್ದ ಲಯನ್ಸ್ ಸೋತಿದ್ದು ಕೋಚ್ ತಪ್ಪಿನಿಂದಲೇ?

ಪ್ರಶ್ನೆ: ಸರ್, ನಾನು ಮಿಷಿಗನ್‌ನ ನೋವೈನಲ್ಲಿದ್ದೇನೆ, ಬೆಂಗಳೂರಿನಿಂದ ಬಂದು ಒಂದೂವರೆ ವರ್ಷ ಆಯ್ತು. ಆಫೀಸಿನಲ್ಲಿ ಊಟದ ಹೊತ್ತಿಗೆ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯಿಟ್ ಲಯನ್ಸ್ ಮಾತು ಬಂದರೆ ಸಾಕು, 2023ರ ಸೀಸನ್ನಿಗೇ ಹೋಗಿ ನಿಲ್ಲುತ್ತದೆ. ಸೂಪರ್ ಬೌಲ್‌ಗೆ (ಲೀಗಿನ ಫೈನಲ್‌ಗೆ) ಒಂದೇ ಮೆಟ್ಟಿಲು ಬಾಕಿ ಇದ್ದ ಪಂದ್ಯದಲ್ಲಿ ಅರ್ಧ ಆಟಕ್ಕೆ 24-7 ಮುಂದಿದ್ದರಂತೆ. ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಎರಡು ಸಲ ಕೈಗೆ ಬಂದ ಮೂರು ಪಾಯಿಂಟ್ ಬಿಟ್ಟರಂತೆ, ಸೋತರಂತೆ. ಒಬ್ಬರು ‘ಅವನಿಂದಲೇ ಸೋತಿದ್ದು’ ಅಂತಾರೆ, ಇನ್ನೊಬ್ಬರು ‘ಅವನಿಂದಲೇ ಅಲ್ಲಿಯವರೆಗೆ ಹೋಗಿದ್ದು’ ಅಂತಾರೆ. ಯಾರು ಸರಿ? ಸೋತ ಸೀಸನ್ ಬಗ್ಗೆ ಇವರಿಗೆ ಇಷ್ಟೊಂದು ಪ್ರೀತಿ ಯಾಕೆ? ಕ್ರಿಕೆಟ್ ಮಾತ್ರ ಗೊತ್ತಿರುವವನಿಗೆ ಅರ್ಥವಾಗುವಂತೆ ಹೇಳಿ.

ಉತ್ತರ: ಎರಡನೆಯವರು ಸರಿ. ಉತ್ತರ ಉದ್ದ ಇದೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಕ್ಯಾಂಪ್‌ಬೆಲ್ ಒಂದು ತಪ್ಪು ಮಾಡಿದ್ದು ನಿಜ. ಆದರೆ ನಿಮ್ಮ ಆಫೀಸಿನಲ್ಲಿ ವಾದ ನಡೆಯುತ್ತಿರುವುದು ಆ ತಪ್ಪಿನ ಬಗ್ಗೆ ಅಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಆಟದ ಒಂದು ನಿಯಮ ಚೆನ್ನಾಗಿ ಗೊತ್ತಾಗಬೇಕು. ನಾನು ಹತ್ತು ವರ್ಷದಿಂದ ಶುಕ್ರವಾರ ಸಂಜೆ ನಮ್ಮೂರಿನ ಹೈಸ್ಕೂಲ್ ಪಂದ್ಯಗಳಲ್ಲಿ ಮೈದಾನದ ಅಂಚಿಗೆ ಸರಪಳಿ ಹಿಡಿದು ನಿಲ್ಲುತ್ತೇನೆ. ಕಿತ್ತಳೆ ಬಣ್ಣದ ಎರಡು ಕೋಲು, ನಡುವೆ ಸರಿಯಾಗಿ ಹತ್ತು ಯಾರ್ಡ್ ಸರಪಳಿ, ಅಂದರೆ ಮೂವತ್ತು ಅಡಿ. ಚೆಂಡು ಇರುವ ತಂಡಕ್ಕೆ ಆ ಮೂವತ್ತು ಅಡಿ ದಾಟಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅಂತಾರೆ. ದಾಟಿದರೆ ನಾವು ಸರಪಳಿ ಎತ್ತಿಕೊಂಡು ಮುಂದಕ್ಕೆ ಓಡುತ್ತೇವೆ, ಅವರಿಗೆ ಮತ್ತೆ ನಾಲ್ಕು ಅವಕಾಶ. ನಾಲ್ಕರಲ್ಲೂ ದಾಟದಿದ್ದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿಯ ಪಾಲು. ಅದಕ್ಕೇ ಮೂರು ಡೌನ್ ಆದ ಮೇಲೆ ಹೆಚ್ಚಿನ ಕೋಚ್‌ಗಳು ನಾಲ್ಕನೆಯದನ್ನು ಆಡಿಸುವುದಿಲ್ಲ. ಗೋಲು ದೂರ ಇದ್ದರೆ ಚೆಂಡನ್ನು ಎದುರಾಳಿಯ ತುದಿಗೆ ಒದ್ದುಬಿಡುತ್ತಾರೆ, ಅದು ಪಂಟ್. ಹತ್ತಿರ ಇದ್ದರೆ ಎರಡು ಕಂಬಗಳ ನಡುವೆ ಒದ್ದು ಮೂರು ಪಾಯಿಂಟ್ ತಗೊಳ್ಳುತ್ತಾರೆ, ಅದು ಫೀಲ್ಡ್ ಗೋಲ್. ಚೆಂಡನ್ನು ಗೋಲಿನ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ ಆರು. ಅದರ ಮೇಲೆ ಒದ್ದರೆ ಇನ್ನೊಂದು, ಒದೆಯದೆ ಇನ್ನೊಂದು ಸಲ ಆಡಿ ಗೆರೆ ದಾಟಿದರೆ ಎರಡು.

ನಾಲ್ಕನೇ ಡೌನ್‌ನಲ್ಲಿ ಎರಡು ಯಾರ್ಡ್ ಬೇಕು ಅಂದಾಗ ಟಿವಿಯಲ್ಲಿ ಅದು ಏನೂ ಅಲ್ಲ ಅನ್ನಿಸುತ್ತದೆ. ಕೋಲು ಹಿಡಿದು ಪಕ್ಕದಲ್ಲೇ ನಿಂತವರಿಗೆ ಹಾಗಲ್ಲ. ಎರಡು ಯಾರ್ಡ್ ಅಂದರೆ ಆರಡಿ, ಒಬ್ಬ ಆಳು ಮಲಗಿದಷ್ಟು ಜಾಗ. ಅಷ್ಟು ಜಾಗಕ್ಕೆ ಆ ಕಡೆ ಹನ್ನೊಂದು ಜನ, ಈ ಕಡೆ ಹನ್ನೊಂದು ಜನ ಮೈಗೆ ಮೈ ಕೊಟ್ಟು ಬೀಳುತ್ತಾರೆ. ಶಾಲೆಯ ಹುಡುಗರ ಆಟದಲ್ಲೇ ಆ ಸದ್ದಿಗೆ ನನ್ನ ಕೋಲು ಅಲುಗಿದ ಹಾಗೆ ಅನ್ನಿಸುತ್ತದೆ.

ಈಗ ತಂಡದ ಕಥೆ. ಇದು ಗೊತ್ತಿಲ್ಲದೆ 2023 ಅರ್ಥ ಆಗುವುದಿಲ್ಲ.

ಲಯನ್ಸ್ ಕೊನೆಯ ಸಲ ಚಾಂಪಿಯನ್ ಆಗಿದ್ದು 1957ರಲ್ಲಿ, ಕ್ಲೀವ್‌ಲ್ಯಾಂಡ್ ಮೇಲೆ 59-14. ಆಗ ಸೂಪರ್ ಬೌಲ್ ಎಂಬುದೇ ಇರಲಿಲ್ಲ. ಅಲ್ಲಿಂದ 2023ರ ಸೀಸನ್ ಶುರುವಾಗುವವರೆಗೆ ಈ ತಂಡ ಗೆದ್ದ ಪ್ಲೇಆಫ್ ಪಂದ್ಯ ಎಷ್ಟು ಗೊತ್ತಾ? ಒಂದು. 1992ರ ಜನವರಿಯಲ್ಲಿ ಡಲ್ಲಾಸ್ ಮೇಲೆ 38-6. ಸೂಪರ್ ಬೌಲ್‌ಗೆ ಒಮ್ಮೆಯೂ ಹೋಗಿರಲಿಲ್ಲ. ಬ್ಯಾರಿ ಸ್ಯಾಂಡರ್ಸ್ ಅಂತ ಒಬ್ಬ ಆಟಗಾರ ಇದ್ದರು, ಹತ್ತು ವರ್ಷದಲ್ಲಿ 15,269 ಯಾರ್ಡ್ ಓಡಿದವರು. ಅವರು ಹಿಡಿಯಲು ಬಂದವರ ಕೈಯಿಂದ ನುಣುಚಿಕೊಳ್ಳುವುದನ್ನು ನೋಡಲೆಂದೇ ಜನ ಸ್ಟೇಡಿಯಂಗೆ ಹೋಗುತ್ತಿದ್ದರು. ಅಂಥವರು 1999ರಲ್ಲಿ, ಇನ್ನೂ ಕಾಲಲ್ಲಿ ಶಕ್ತಿ ಇರುವಾಗಲೇ, ಆಟ ಬಿಟ್ಟು ಹೋದರು. 2008ರಲ್ಲಿ ತಂಡ ಹದಿನಾರಕ್ಕೆ ಹದಿನಾರೂ ಸೋತಿತು. ಅದಕ್ಕೂ ಮುಂಚೆ ಹದಿನಾರು ಪಂದ್ಯದ ಸೀಸನ್ನಿನಲ್ಲಿ ಯಾರೂ ಹಾಗೆ ಸೋತಿರಲಿಲ್ಲ. ನಾನು ಆಗಷ್ಟೇ ಈ ಆಟ ಕಲಿಯುತ್ತಿದ್ದೆ. ಕಾರು ಕಂಪನಿಗಳು ಕುಸಿಯುತ್ತಿದ್ದ ವರ್ಷ ಅದು, ಊರಿನ ಮನೆಮನೆಯಲ್ಲೂ ಕೆಲಸ ಹೋಗುವ ಭಯ. ಭಾನುವಾರ ಮಧ್ಯಾಹ್ನ ಪಕ್ಕದ ಮನೆಯವರು ಆಟ ಮುಗಿಯುವ ಮುಂಚೆಯೇ ಟಿವಿ ಆರಿಸಿ ಅಂಗಳದ ಎಲೆ ಗುಡಿಸಲು ಬರುತ್ತಿದ್ದರು. ಯಾಕೆ ಬಂದರು ಅಂತ ಯಾರೂ ಕೇಳುತ್ತಿರಲಿಲ್ಲ.

ಆ 2008ರ ತಂಡದಲ್ಲಿ ಡ್ಯಾನ್ ಕ್ಯಾಂಪ್‌ಬೆಲ್ ಕೂಡ ಇದ್ದರು, ಆಟಗಾರನಾಗಿ. ಗಾಯವಾಗಿ ಆ ವರ್ಷ ಹೆಚ್ಚಾಗಿ ಹೊರಗೇ ಕೂತಿದ್ದರು. 2021ರ ಜನವರಿಯಲ್ಲಿ ಅದೇ ತಂಡಕ್ಕೆ ಕೋಚ್ ಆಗಿ ಬಂದರು. ಮೊದಲ ಪತ್ರಿಕಾಗೋಷ್ಠಿಯಲ್ಲೇ ‘ನಮ್ಮನ್ನು ಕೆಡವಿದರೆ ಏಳುವಾಗ ನಿಮ್ಮ ಮಂಡಿಚಿಪ್ಪು ಕಚ್ಚಿಕೊಂಡೇ ಏಳುತ್ತೇವೆ’ ಎಂಬ ಅರ್ಥದ ಮಾತಾಡಿದರು. ದೇಶವೆಲ್ಲ ನಕ್ಕಿತು. ಅದೇ ಚಳಿಗಾಲದಲ್ಲಿ ಹೊಸ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಹನ್ನೆರಡು ಸೀಸನ್ ಆಡಿದ್ದ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್‌ರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು, ಜ್ಯಾರೆಡ್ ಗಾಫ್‌ರನ್ನೂ ಮುಂದಿನ ವರ್ಷಗಳ ಡ್ರಾಫ್ಟ್ ಆಯ್ಕೆಗಳನ್ನೂ, ಅಂದರೆ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಆರಿಸುವ ಸರದಿಗಳನ್ನೂ, ತಗೊಂಡರು. ಆ ಲೆಕ್ಕದಲ್ಲಿ ಬೆಲೆ ಇದ್ದಿದ್ದು ಡ್ರಾಫ್ಟ್ ಆಯ್ಕೆಗಳಿಗೆ, ಗಾಫ್ ಜೊತೆಗೆ ಬಂದ ಹೊರೆ ಅಂತ ಎಲ್ಲರೂ ಮಾತಾಡಿಕೊಂಡರು. ಸ್ಟ್ಯಾಫರ್ಡ್ ಮೊದಲ ವರ್ಷವೇ ಅಲ್ಲಿ ಸೂಪರ್ ಬೌಲ್ ಗೆದ್ದರು. ಇಲ್ಲಿ ಲಯನ್ಸ್ ಆ ವರ್ಷ ಮೂರು ಗೆಲುವು, ಹದಿಮೂರು ಸೋಲು, ಒಂದು ಟೈ.

ಮುಂದಿನ ವರ್ಷ, 2022, ಮೊದಲ ಏಳರಲ್ಲಿ ಆರು ಸೋತರು. ಕ್ಯಾಂಪ್‌ಬೆಲ್‌ರನ್ನು ತೆಗೆಯಬೇಕು ಅಂತ ರೇಡಿಯೋದಲ್ಲಿ ದಿನವೂ ಕೂಗು. ಮಾಲೀಕರಾದ ಶೀಲಾ ಫೋರ್ಡ್ ಹ್ಯಾಂಪ್ ತಮ್ಮ ಕೋಚ್ ಮೇಲೆ ನಂಬಿಕೆ ಇದೆ ಅಂತ ಎಲ್ಲರೆದುರು ಹೇಳಿದರು. ಆಮೇಲೆ ಉಳಿದ ಹತ್ತರಲ್ಲಿ ಎಂಟು ಗೆದ್ದರು. ಕೊನೆಯ ಪಂದ್ಯ ಗ್ರೀನ್ ಬೇ ಊರಿನಲ್ಲಿ. ಅವತ್ತು ಆಟ ಶುರುವಾಗುವ ಮುಂಚೆಯೇ ಬೇರೆ ಪಂದ್ಯದ ಫಲಿತಾಂಶದಿಂದ ಲಯನ್ಸ್‌ಗೆ ಪ್ಲೇಆಫ್ ಬಾಗಿಲು ಮುಚ್ಚಿತ್ತು. ಆದರೂ ಆಡಿ 20-16ಕ್ಕೆ ಗೆದ್ದು, ಗ್ರೀನ್ ಬೇಗೂ ಬಾಗಿಲು ಮುಚ್ಚಿಸಿ ಬಂದರು. ತಮಗೇನೂ ಸಿಗದ ಪಂದ್ಯವನ್ನು ಹಾಗೆ ಆಡಿದ ತಂಡ ಅದು. ನನ್ನ ಮಟ್ಟಿಗೆ 2023ರ ಸೀಸನ್ ಶುರುವಾಗಿದ್ದೇ ಆ ರಾತ್ರಿ.

ಈಗ ನಾಲ್ಕನೇ ಡೌನ್ ವಿಷಯ. ನಿಮ್ಮ ಸಹೋದ್ಯೋಗಿಗಳಿಗೆ ಈ ಮೂರು ಸಂದರ್ಭ ನೆನಪಿಸಿ.

ಒಂದು, 2023ರ ಸೆಪ್ಟೆಂಬರ್ 7. ಸೀಸನ್ನಿನ ಮೊಟ್ಟಮೊದಲ ಪಂದ್ಯ, ಹಿಂದಿನ ವರ್ಷದ ಚಾಂಪಿಯನ್ ಕ್ಯಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ, ಅವರದೇ ಊರಿನಲ್ಲಿ. ಮೊದಲ ಕ್ವಾರ್ಟರ್, ಅಂದರೆ ಆಟದ ಮೊದಲ ಕಾಲು ಭಾಗ. ಲಯನ್ಸ್ ತಮ್ಮದೇ 17 ಯಾರ್ಡ್ ಗೆರೆಯಲ್ಲಿ, ಅಂದರೆ ತಮ್ಮ ಗೋಲಿನಿಂದ ಹದಿನೇಳೇ ಯಾರ್ಡ್ ದೂರದಲ್ಲಿ, ಸಿಕ್ಕಿಕೊಂಡಿದ್ದಾರೆ, ನಾಲ್ಕನೇ ಡೌನ್, ಎರಡು ಯಾರ್ಡ್ ಬೇಕು. ಅಲ್ಲಿ ತಪ್ಪಿದರೆ ಚಾಂಪಿಯನ್ನರಿಗೆ ಮನೆ ಬಾಗಿಲಲ್ಲೇ ಚೆಂಡು ಕೊಟ್ಟ ಹಾಗೆ. ಪಂಟ್ ಮಾಡುವವರು ಬಂದು ನಿಂತರು. ಚೆಂಡು ಮಾತ್ರ ಒದೆಯುವವನ ಕೈಗೆ ಹೋಗದೆ ನಡುವೆ ನಿಂತಿದ್ದ ಜೇಲನ್ ರೀವ್ಸ್-ಮೇಬಿನ್ ಕೈಗೆ ಹೋಯಿತು, ಅವರು ನುಗ್ಗಿ ಮೂರು ಯಾರ್ಡ್ ತಗೊಂಡರು. ಅದೇ ಸರದಿ ಮುಂದುವರಿದು ಟಚ್‌ಡೌನ್ ಆಯಿತು. ಪಂದ್ಯ ಗೆದ್ದಿದ್ದು 21-20ಕ್ಕೆ, ಒಂದೇ ಒಂದು ಪಾಯಿಂಟಿನಿಂದ.

ಎರಡು, ನವೆಂಬರ್ 12, ಲಾಸ್ ಏಂಜಲೀಸ್ ಚಾರ್ಜರ್ಸ್ ವಿರುದ್ಧ. 38-38 ಸಮ. ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ಎದುರಾಳಿಯ 26 ಯಾರ್ಡ್ ಗೆರೆ, ನಾಲ್ಕನೇ ಡೌನ್, ಎರಡು ಯಾರ್ಡ್. ಬೇರೆ ಯಾರೇ ಆಗಿದ್ದರೂ ಒದ್ದು ಮೂರು ಪಾಯಿಂಟ್ ತಗೊಳ್ಳುತ್ತಿದ್ದರು. ಹಾಗೆ ತಗೊಂಡಿದ್ದರೆ ಆ ದಿನ ಸುಲಭವಾಗಿ ಪಾಯಿಂಟ್ ಹೊಡೆಯುತ್ತಿದ್ದ ಎದುರಾಳಿಗೆ ಒಂದೂವರೆ ನಿಮಿಷ ಸಿಗುತ್ತಿತ್ತು. ಕ್ಯಾಂಪ್‌ಬೆಲ್ ಒದೆಸಲಿಲ್ಲ. ಗಾಫ್ ಹೊಸ ಹುಡುಗ ಸ್ಯಾಮ್ ಲಪೋರ್ಟಾಗೆ ಎಸೆದರು, ಸರಪಳಿ ದಾಟಿತು, ಸಮಯ ಪೂರ್ತಿ ಕರಗಿಸಿ ಕೊನೆಯ ಕ್ಷಣಕ್ಕೆ ಒದ್ದು 41-38ಕ್ಕೆ ಗೆದ್ದರು. ಇದು ಧೈರ್ಯದ ಪ್ರದರ್ಶನ ಅಲ್ಲ. ತನ್ನ ಡಿಫೆನ್ಸ್ ಅವತ್ತು ತಡೆಯಲಾರದು ಅಂತ ಗೊತ್ತಿದ್ದ ಕೋಚ್ ಮಾಡಿದ ಲೆಕ್ಕ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು ನಾಲ್ಕನೇ ಡೌನ್ ಅಲ್ಲ, ಆದರೆ ಅದೇ ಜಾತಿಯದು. ಡಿಸೆಂಬರ್ 30, ಡಲ್ಲಾಸ್‌ನಲ್ಲಿ. 20-13 ಹಿಂದೆ ಇದ್ದವರು ಕೊನೆಯ ಅರ್ಧ ನಿಮಿಷದಲ್ಲಿ ಟಚ್‌ಡೌನ್ ಮಾಡಿ 20-19ಕ್ಕೆ ತಂದರು. ಒದ್ದರೆ ಸಮ, ಹೆಚ್ಚುವರಿ ಸಮಯದ ಆಟ. ಕ್ಯಾಂಪ್‌ಬೆಲ್ ಎರಡು ಪಾಯಿಂಟಿಗೆ ಹೋದರು. ಲೈನ್‌ಮನ್ ಟೇಲರ್ ಡೆಕರ್, ಅಂದರೆ ಸಾಮಾನ್ಯವಾಗಿ ಎದುರಾಳಿಯನ್ನು ತಡೆಯುವ ಕೆಲಸದವರು, ಚೆಂಡು ಹಿಡಿದರು, ಗೆದ್ದೆವು ಅಂತ ಎಲ್ಲರೂ ಕುಣಿದರು. ಅಷ್ಟರಲ್ಲಿ ಅಂಪೈರ್‌ಗಳ ಬಾವುಟ ಬಿತ್ತು. ಲೈನ್‌ಮನ್ ಪಾಸ್ ಹಿಡಿಯಬೇಕಾದರೆ ಆಟಕ್ಕೆ ಮುಂಚೆ ರೆಫರಿಗೆ ಹೇಳಬೇಕು. ಡೆಕರ್ ತಾನು ಹೇಳಿದೆ ಅಂದರು, ರೆಫರಿ ಹೇಳಿದ್ದು 70ನೇ ನಂಬರಿನ ಡ್ಯಾನ್ ಸ್ಕಿಪ್ಪರ್ ಅಂತ ಬರೆದುಕೊಂಡಿದ್ದರು. ಐದು ಯಾರ್ಡ್ ಹಿಂದಕ್ಕೆ. ಮತ್ತೆ ಆಡಿದರು, ಚೆಂಡು ಎದುರಾಳಿ ಹಿಡಿದರು, ಆದರೆ ಡಲ್ಲಾಸ್‌ನವರು ಆಫ್‌ಸೈಡ್, ಅಂದರೆ ಆಟ ಶುರುವಾಗುವ ಮುಂಚೆಯೇ ಗೆರೆ ದಾಟಿದ್ದರು. ಮೂರನೇ ಸಲ ಆಡಿದರು, ಆಗಲಿಲ್ಲ. 20-19 ಸೋಲು. ಆ ರಾತ್ರಿ ಗೆದ್ದಿದ್ದರೆ ಮೊದಲ ಸ್ಥಾನದ ರೇಸಿನಲ್ಲಿ ಉಳಿಯುತ್ತಿದ್ದರು. ಮೊದಲ ಸ್ಥಾನ ಸಿಕ್ಕಿದ್ದರೆ ನಿಮ್ಮ ಆಫೀಸಿನವರು ಕಿತ್ತಾಡುವ ಆ ಪಂದ್ಯ ಕ್ಯಾಲಿಫೋರ್ನಿಯಾದ ಬಯಲು ಸ್ಟೇಡಿಯಂ ಬದಲು ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಚಾವಣಿ ಕೆಳಗೆ ನಡೆಯಬಹುದಿತ್ತು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಬಾವುಟ ನೆನೆಸಿಕೊಂಡಾಗ.

ಸೀಸನ್ ಉದ್ದಕ್ಕೂ ಎಲ್ಲ ಸಲೀಸಾಗಿ ಹೋಯಿತು ಅಂತಲ್ಲ. ಬಾಲ್ಟಿಮೋರ್‌ನಲ್ಲಿ 38-6 ಸೋತರು, ಥ್ಯಾಂಕ್ಸ್‌ಗಿವಿಂಗ್ ದಿನ ಮನೆಯಂಗಳದಲ್ಲೇ ಗ್ರೀನ್ ಬೇಗೆ ಸೋತರು. ಆದರೂ ಹದಿನೇಳರಲ್ಲಿ ಹನ್ನೆರಡು ಗೆಲುವು. ಡಿಸೆಂಬರ್ 24ರಂದು ಮಿನೆಸೋಟಾದಲ್ಲಿ 30-24 ಗೆದ್ದಾಗ ಮೂವತ್ತು ವರ್ಷದ ಮೇಲೆ ಡಿವಿಷನ್ (ನಾಲ್ಕು ತಂಡಗಳ ಗುಂಪು) ಪ್ರಶಸ್ತಿ ಬಂತು. ನಾಲ್ಕನೇ ರೌಂಡಿನಲ್ಲಿ 112ನೆಯವನಾಗಿ ಆಯ್ಕೆಯಾಗಿದ್ದ ಅಮಾನ್-ರಾ ಸೇಂಟ್ ಬ್ರೌನ್ ಆ ವರ್ಷ 119 ಪಾಸ್ ಹಿಡಿದು 1,515 ಯಾರ್ಡ್ ತಂದರು. ಡೇವಿಡ್ ಮಾಂಟ್‌ಗೊಮರಿ ಮತ್ತು ಜಮೀರ್ ಗಿಬ್ಸ್ ಇಬ್ಬರೂ ಸೇರಿ ಓಡಿ 23 ಟಚ್‌ಡೌನ್ ಮಾಡಿದರು. ಗಾಫ್, ಅದೇ ಹೊರೆ ಅಂದುಕೊಂಡಿದ್ದವರು, 4,575 ಯಾರ್ಡ್ ಎಸೆದರು.

ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಫೋರ್ಡ್ ಫೀಲ್ಡ್‌ಗೆ ಯಾರು ಬಂದರು ಹೇಳಿ? ರ‍್ಯಾಮ್ಸ್. ಸ್ಟ್ಯಾಫರ್ಡ್. ಹನ್ನೆರಡು ವರ್ಷ ಈ ಊರಿಗಾಗಿ ಪೆಟ್ಟು ತಿಂದವರು, ಒಂದೂ ಪ್ಲೇಆಫ್ ಗೆಲ್ಲಿಸಲಾಗದೆ ಹೋದವರು. 2024ರ ಜನವರಿ 14. ಜನ ಅವರನ್ನೇ ಕೂಗಿ ಛೀಮಾರಿ ಹಾಕಿದರು, ಅದು ನನಗೆ ಸರಿ ಕಾಣಲಿಲ್ಲ. ಆದರೆ ಅದರ ಜೊತೆಗೇ ಅರವತ್ತು ಸಾವಿರಕ್ಕೂ ಜಾಸ್ತಿ ಜನ ಒಂದೇ ದನಿಯಲ್ಲಿ ಗಾಫ್ ಹೆಸರು ಕೂಗಿದರಲ್ಲ, ಅದನ್ನು ಕೇಳಿ ಮೈ ಜುಮ್ಮೆಂದಿತು. ರ‍್ಯಾಮ್ಸ್ ಮೂರು ಸಲ ಗೋಲಿನ ಹತ್ತಿರ ಬಂದು ಮೂರು ಸಲವೂ ಟಚ್‌ಡೌನ್ ಆಗದೆ ಒದೆಯಬೇಕಾಯಿತು. 24-23. ಕೊನೆಯಲ್ಲಿ ಇನ್ನೊಂದೇ ಸಲ ಹತ್ತು ಯಾರ್ಡ್ ದಾಟಬೇಕಿತ್ತು, ಓಡಿ ಸಮಯ ಕಳೆಯುವ ಬದಲು ಗಾಫ್ ಸೇಂಟ್ ಬ್ರೌನ್‌ಗೆ ಎಸೆದರು, ಸರಪಳಿ ದಾಟಿತು, ಮುಗಿಯಿತು. ಮೂವತ್ತೆರಡು ವರ್ಷದ ಮೇಲೆ ಒಂದು ಪ್ಲೇಆಫ್ ಗೆಲುವು. ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದೂವರೆಗೆ, ಮೈ ಕೊರೆಯುವ ಚಳಿಯಲ್ಲಿ, ಜನ ಚಪ್ಪಲಿ ಹಾಕಿಕೊಂಡೇ ಹೊರಗೆ ಬಂದು ನಿಂತಿದ್ದರು. 2008ರಲ್ಲಿ ಎಲೆ ಗುಡಿಸುತ್ತಿದ್ದ ಪಕ್ಕದ ಮನೆಯವರು ಏನೂ ಮಾತಾಡಲಿಲ್ಲ. ಬಂದು ನನ್ನ ಎರಡೂ ಕೈ ಹಿಡಿದುಕೊಂಡರು, ಅಷ್ಟೇ. ಮುಂದಿನ ವಾರ ಟ್ಯಾಂಪಾ ಬೇ ಮೇಲೂ 31-23 ಗೆದ್ದರು.

ಇನ್ನು ಜನವರಿ 28, ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ವಿರುದ್ಧ.

ಮೊದಲ ಅರ್ಧ ಲಯನ್ಸ್ ಆಡಿದ್ದು ಹೇಗಿತ್ತೆಂದರೆ, ಈ ತಂಡವನ್ನು ಇಷ್ಟು ವರ್ಷ ನೋಡಿದ ನನಗೆ ಕಣ್ಣು ನಂಬಲು ಆಗಲಿಲ್ಲ. ಜೇಮ್ಸನ್ ವಿಲಿಯಮ್ಸ್ 42 ಯಾರ್ಡ್ ಓಡಿ ಟಚ್‌ಡೌನ್. ಮಾಂಟ್‌ಗೊಮರಿ ಒಂದು. ಗಿಬ್ಸ್ ಒಂದು. ಅರ್ಧ ಆಟ ಮುಗಿಯುವ ಹೊತ್ತಿಗೆ ಗೋಲಿಗೆ ಮೂರೇ ಯಾರ್ಡ್ ಇದ್ದಾಗ ಕ್ಯಾಂಪ್‌ಬೆಲ್ ಒದೆಸಿ ಮೂರು ಪಾಯಿಂಟ್ ತಗೊಂಡರು. ‘ಅವನಿಗೆ ಒದೆಸೋದೇ ಗೊತ್ತಿಲ್ಲ’ ಅನ್ನುವವರು ಇದನ್ನು ಮರೆತೇಬಿಡುತ್ತಾರೆ. 24-7.

ಮೂರನೇ ಕ್ವಾರ್ಟರ್, 24-10. ಎದುರಾಳಿಯ 28 ಯಾರ್ಡ್ ಗೆರೆ, ನಾಲ್ಕನೇ ಡೌನ್, ಎರಡು ಯಾರ್ಡ್. ಒದ್ದರೆ ಸುಮಾರು 46 ಯಾರ್ಡ್ ಕಿಕ್, ಒಳಗೆ ಹೋದರೆ 27-10. ಕ್ಯಾಂಪ್‌ಬೆಲ್ ಆಡಿಸಿದರು. ಗಾಫ್ ಎಸೆದ ಚೆಂಡು ಜಾಷ್ ರೆನಾಲ್ಡ್ಸ್ ಕೈಗೆ ಬಿತ್ತು. ಕೈಗೆ ಬಿದ್ದು ಜಾರಿತು.

ನಿಮ್ಮ ಕೇಳಿಕೆಯಲ್ಲಿ ‘ಕೈಗೆ ಬಂದ ಮೂರು ಪಾಯಿಂಟ್’ ಅಂತ ಇದೆಯಲ್ಲ, ತೊಂದರೆ ಅಲ್ಲೇ ಶುರುವಾಗುವುದು. 46-48 ಯಾರ್ಡ್ ಕಿಕ್ ಕೈಗೆ ಬಂದದ್ದಲ್ಲ. ಲೀಗ್‌ನಲ್ಲಿ ಅಂಥ ಕಿಕ್ ಸುಮಾರು ನಾಲ್ಕಕ್ಕೆ ಮೂರು ಒಳಗೆ ಹೋಗುತ್ತವೆ. ಲಯನ್ಸ್ ಕಿಕ್ಕರ್ ಮೈಕಲ್ ಬ್ಯಾಡ್ಗ್ಲಿ ಡಿಸೆಂಬರ್ ಮಧ್ಯದಲ್ಲಷ್ಟೇ ಆ ಜಾಗಕ್ಕೆ ಬಂದವರು. ಮನೆಯ ಆಟ ಚಾವಣಿ ಕೆಳಗೆ, ಇದು ಬಯಲು, ಹುಲ್ಲು. ಇನ್ನೊಂದು ಕಡೆ, ಎರಡು ಯಾರ್ಡ್ ಪ್ರಯತ್ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಲ ಯಶಸ್ವಿಯಾಗುತ್ತದೆ, ಲಯನ್ಸ್‌ನಂಥ ಲೈನ್ ಇರುವ ತಂಡಕ್ಕೆ ಇನ್ನೂ ಚೆನ್ನಾಗಿ. ಆದರೆ ಸಿಗುವುದು ಮೂರು ಅಲ್ಲ, ಏಳಾಗಬಹುದು, ಜೊತೆಗೆ ಇನ್ನೂ ನಾಲ್ಕೈದು ನಿಮಿಷ ಎದುರಾಳಿ ಬೆಂಚಿನ ಮೇಲೆ ಕೂತಿರುತ್ತಾರೆ. ಲೆಕ್ಕ ಹಾಕುವ ಮಾಡೆಲ್‌ಗಳೂ ಈ ಎರಡೂ ನಿರ್ಧಾರಗಳನ್ನು ಹೆಚ್ಚು ಕಡಿಮೆ ಸಮ ಅಂತಲೇ ತೋರಿಸಿದವು. ಕಣ್ಣುಮುಚ್ಚಿ ಹಾರಿದ ಹಾರಾಟ ಅದಾಗಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲನೆಯದು ಪೂರ್ತಿ ಸರಿ. ಆಟಗಾರ ಬರಿದಾದ ಜಾಗದಲ್ಲಿದ್ದರು, ಚೆಂಡು ತಲುಪಿತು. ಕೋಚ್ ಮಾಡಬೇಕಾದ್ದು ಅಲ್ಲಿಗೆ ಮುಗಿಯಿತು. ಚೆಂಡನ್ನು ಅವರು ಹಿಡಿಯಲಾರರು ಅಲ್ವಾ.

ಆಮೇಲೆ ನಡೆದದ್ದು ನೋಡಿ. ಕೆಲವೇ ಆಟದ ನಂತರ ಎದುರಾಳಿ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ದೂರಕ್ಕೆ ಒಂದು ಎಸೆದರು. ಲಯನ್ಸ್‌ನ ಕಿಂಡಲ್ ವಿಲ್ಡೋರ್ ಸರಿಯಾದ ಜಾಗದಲ್ಲೇ ಇದ್ದರು, ಎದುರಾಳಿ ಬ್ರ್ಯಾಂಡನ್ ಅಯೂಕ್‌ಗಿಂತ ಮುಂದೆ. ಚೆಂಡು ಹಿಡಿಯಬೇಕಿತ್ತು, ಇಲ್ಲವೇ ಕೆಳಗೆ ಬೀಳಿಸಿದರೂ ಸಾಕಿತ್ತು. ಅದು ಅವರ ಎರಡು ಕೈ ನಡುವೆ ತೂರಿ, ಹೆಲ್ಮೆಟ್ಟಿನ ಮುಖದ ಕಂಬಿಗೆ ಬಡಿದು, ಮೇಲಕ್ಕೆ ಚಿಮ್ಮಿತು. ಹಿಂದೆ ಎಡವಿ ಬೀಳುತ್ತಿದ್ದ ಅಯೂಕ್ ಬೀಳುತ್ತಲೇ ಕೈ ಚಾಚಿದರು, ನೆಲಕ್ಕೆ ಅಂಗೈಯಷ್ಟು ಎತ್ತರದಲ್ಲಿ ಹಿಡಿದರು. 51 ಯಾರ್ಡ್. ಆಮೇಲೆ ಟಚ್‌ಡೌನ್. ಲಯನ್ಸ್ ಕೈಗೆ ಚೆಂಡು ಬಂತು, ಮೊದಲ ಆಟದಲ್ಲೇ ಗಾಫ್ ಮತ್ತು ಗಿಬ್ಸ್ ನಡುವೆ ಕೈ ಬದಲಾಗುವಾಗ ಚೆಂಡು ಜಾರಿತು, ಎದುರಾಳಿ 24 ಯಾರ್ಡ್ ಗೆರೆಯಲ್ಲಿ ಬಾಚಿಕೊಂಡರು. ಮತ್ತೆ ಟಚ್‌ಡೌನ್. 24-24. ಎಂಟು ನಿಮಿಷದೊಳಗೆ ಆಯಿತು ಇದೆಲ್ಲ. ಇದರಲ್ಲಿ ಕೋಚ್ ಮಾಡಿದ ನಿರ್ಧಾರ ಎಷ್ಟು? ಒಂದು. ಉಳಿದದ್ದು ಒಂದು ಕೈ, ಒಂದು ಮುಖದ ಕಂಬಿ, ಇನ್ನೊಂದು ಕೈ.

ಎರಡನೆಯ ನಿರ್ಧಾರ ನಾಲ್ಕನೇ ಕ್ವಾರ್ಟರಿನಲ್ಲಿ, ಏಳೂವರೆ ನಿಮಿಷ ಉಳಿದಿದ್ದಾಗ. ಆಗ 27-24 ಹಿಂದೆ. 30 ಯಾರ್ಡ್ ಗೆರೆ, ಮೂರು ಯಾರ್ಡ್ ಬೇಕು, ಕಿಕ್ 48. ಆಡಿಸಿದರು, ಗಾಫ್ ಮೇಲೆ ಎದುರಾಳಿ ನುಗ್ಗಿದರು, ಅವಸರದ ಎಸೆತ ಸೇಂಟ್ ಬ್ರೌನ್‌ಗೆ ಸಿಗಲಿಲ್ಲ. ಇಲ್ಲಿ ನಾನಾಗಿದ್ದರೆ ಒದೆಸುತ್ತಿದ್ದೆ. ಎರಡು ಯಾರ್ಡ್‌ಗೂ ಮೂರು ಯಾರ್ಡ್‌ಗೂ ವ್ಯತ್ಯಾಸ ಇದೆ, ಮೂರಕ್ಕೆ ನುಗ್ಗಿ ಓಡುವುದು ಕಷ್ಟ, ಎದುರಾಳಿಗೆ ಪಾಸ್ ಬರುತ್ತದೆ ಅಂತ ಗೊತ್ತಿರುತ್ತದೆ. ಇಪ್ಪತ್ತು ನಿಮಿಷದಿಂದ ಬರೀ ಕೆಟ್ಟದ್ದೇ ನೋಡಿದ ಹುಡುಗರಿಗೆ ಸ್ಕೋರ್‌ಬೋರ್ಡ್ ಮೇಲೆ 27-27 ಕಂಡಿದ್ದರೆ ಉಸಿರು ಬರುತ್ತಿತ್ತು. ಆದರೆ ಕ್ಯಾಂಪ್‌ಬೆಲ್ ಕಡೆಯಿಂದಲೂ ನೋಡಿ. ದ್ವಿತೀಯಾರ್ಧದಲ್ಲಿ ಪರ್ಡಿ ಎಸೆದು, ಎಸೆಯಲಾಗದಾಗ ತಾನೇ ಓಡಿ, ಚೆಂಡು ಸಿಕ್ಕ ಪ್ರತಿ ಸಲವೂ ಪಾಯಿಂಟ್ ಮಾಡುತ್ತಿದ್ದರು. ಸಮ ಮಾಡಿ ಚೆಂಡು ಕೊಟ್ಟರೆ ಅವರು ನಿಲ್ಲುತ್ತಾರೆ ಅನ್ನುವ ಭರವಸೆ ಎಲ್ಲಿತ್ತು? ಚಾರ್ಜರ್ಸ್ ವಿರುದ್ಧ ಮಾಡಿದ ಲೆಕ್ಕವೇ ಇದು. ಅವತ್ತು ಕೂಡಿತು, ಇವತ್ತು ಕೂಡಲಿಲ್ಲ. ನವೆಂಬರಿನಲ್ಲಿ ಚಪ್ಪಾಳೆ ಹೊಡೆದವರು ಜನವರಿಯಲ್ಲಿ ಅದೇ ಲೆಕ್ಕಕ್ಕೆ ಬೈಯುವುದು ನ್ಯಾಯ ಅಲ್ಲ.

ನಿಜವಾದ ತಪ್ಪು ಅಂದೆನಲ್ಲ, ಅದು ಕೊನೆಯಲ್ಲಿ. 34-24 ಹಿಂದೆ, ಒಂದು ನಿಮಿಷ ಚಿಲ್ಲರೆ ಉಳಿದಿದೆ, ಲಯನ್ಸ್ ಬಳಿ ಗಡಿಯಾರ ನಿಲ್ಲಿಸುವ ಮೂರು ಟೈಮ್‌ಔಟ್ ಇದೆ. ಗೋಲಿಗೆ ಒಂದೇ ಯಾರ್ಡ್, ಮೂರನೇ ಡೌನ್. ಅಲ್ಲಿ ಪಾಸ್ ಮಾಡಬೇಕು. ಪಾಸ್ ತಪ್ಪಿದರೆ ಗಡಿಯಾರ ತಾನೇ ನಿಲ್ಲುತ್ತದೆ. ಅವರು ಮಾಂಟ್‌ಗೊಮರಿಯನ್ನು ಓಡಿಸಿದರು, ಹಿಂದಕ್ಕೇ ಬಿದ್ದರು, ಗಡಿಯಾರ ಓಡುತ್ತಿತ್ತು, ನಿಲ್ಲಿಸಲು ಒಂದು ಟೈಮ್‌ಔಟ್ ಸುಡಬೇಕಾಯಿತು. ಮುಂದಿನ ಆಟದಲ್ಲಿ ವಿಲಿಯಮ್ಸ್ ಟಚ್‌ಡೌನ್ ಹಿಡಿದರು, 34-31, 56 ಸೆಕೆಂಡ್ ಉಳಿಯಿತು. ಮೂರೂ ಟೈಮ್‌ಔಟ್ ಇದ್ದಿದ್ದರೆ ಚೆಂಡನ್ನು ದೂರಕ್ಕೆ ಒದ್ದು, ಎದುರಾಳಿಯ ಮೂರು ಆಟಕ್ಕೂ ಗಡಿಯಾರ ನಿಲ್ಲಿಸಿ, ತಡೆದು, ಮತ್ತೊಮ್ಮೆ ಚೆಂಡು ಪಡೆಯುವ ದಾರಿ ಇತ್ತು. ಎರಡೇ ಇದ್ದದ್ದಕ್ಕೆ ಆನ್‌ಸೈಡ್ ಕಿಕ್ ಮಾಡಬೇಕಾಯಿತು, ಅಂದರೆ ಚೆಂಡನ್ನು ಹತ್ತಿರಕ್ಕೇ ಒದ್ದು ತಾವೇ ಹಿಡಿಯುವ ಯತ್ನ. ಇದು ಹತ್ತಕ್ಕೆ ಒಂದು ಸಲ ಆದರೆ ದೊಡ್ಡದು. ಫಾರ್ಟಿನೈನರ್ಸ್ ಹಿಡಿದರು. ಮುಗಿಯಿತು. ಲೀಗಿನ ಎರಡು ಅರ್ಧಗಳಲ್ಲಿ ಲಯನ್ಸ್ ಇರುವ ಎನ್‌ಎಫ್‌ಸಿಯ ಫೈನಲ್‌ಗಳಲ್ಲಿ 17 ಪಾಯಿಂಟ್ ಹಿಂದಿದ್ದು ಗೆದ್ದಿದ್ದು ಇದು ಎರಡನೇ ಸಲ, ಅದಕ್ಕಿಂತ ದೊಡ್ಡದು ಇಲ್ಲ.

ನಾನು ಇದನ್ನು ಸುಮ್ನೆ ಕೋಚ್ ಪರ ಹೇಳುತ್ತಿಲ್ಲ. ಎಲ್ಲಿ ಎಡವಿದ್ದೇವೆ ಅಂತ ತಂಡಕ್ಕೇ ಗೊತ್ತಿತ್ತು. ಮೂರು ತಿಂಗಳ ನಂತರ, 2024ರ ಏಪ್ರಿಲ್‌ನಲ್ಲಿ, ಡ್ರಾಫ್ಟ್ ಡೆಟ್ರಾಯಿಟ್‌ನಲ್ಲೇ ನಡೆಯಿತು. ಲಯನ್ಸ್ ಮೊದಲ ಎರಡು ರೌಂಡಿನಲ್ಲಿ ಯಾರನ್ನು ಆಯ್ಕೆ ಮಾಡಿದರು? ಟೆರಿಯನ್ ಆರ್ನಲ್ಡ್, ಎನಿಸ್ ರೇಕ್‌ಸ್ಟ್ರಾ. ಇಬ್ಬರೂ ಕಾರ್ನರ್‌ಬ್ಯಾಕ್, ಅಂದರೆ ವಿಲ್ಡೋರ್ ಆಡಿದ ಜಾಗದವರು, ಎದುರಾಳಿಯ ಪಾಸ್ ತಡೆಯುವವರು. ಸೀಸನ್ ನಡುವೆ ಬಂದ ಆಟಗಾರನನ್ನು ಅಂಥ ಪಂದ್ಯದಲ್ಲಿ ಆ ಜಾಗದಲ್ಲಿ ನಿಲ್ಲಿಸಬೇಕಾಗಿ ಬಂದದ್ದೇ ಆ ತಂಡದ ಕೊರತೆ. ವಿಲ್ಡೋರ್‌ರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರು ಸರಿಯಾದ ಜಾಗಕ್ಕೆ ಓಡಿದ್ದರು.

ಇನ್ನು ಪ್ರೀತಿ ಯಾಕೆ ಅಂತ ಕೇಳಿದಿರಿ. ನಮ್ಮ ಆರ್‌ಸಿಬಿಗೆ ಹದಿನೆಂಟು ವರ್ಷ ಕಾದದ್ದು ನಿಮಗೂ ನೆನಪಿರುತ್ತದೆ. ಇಲ್ಲಿ ಲೆಕ್ಕ 1957ರಿಂದ. ಇಲ್ಲಿನ ಎಷ್ಟೋ ಮನೆಗಳಲ್ಲಿ ಸೀಸನ್ ಟಿಕೆಟ್ ತಂದೆಯಿಂದ ಮಕ್ಕಳಿಗೆ ಬಂದದ್ದು, ಕಾರ್ಖಾನೆಯ ಕೆಲಸ ಬಂದ ಹಾಗೆ. ಕೆಲಸ ಹೋಯಿತು, ಟಿಕೆಟ್ ಬಿಡಲಿಲ್ಲ. ರ‍್ಯಾಮ್ಸ್ ಮೇಲೆ ಗೆದ್ದ ರಾತ್ರಿ ಪಕ್ಕದ ಮನೆಯವರು ನನ್ನ ಕೈ ಬಿಟ್ಟು ಒಳಗೆ ಹೋಗಿ ಒಂದು ಹಳೆ ನೀಲಿ ಟೊಪ್ಪಿ ತಂದು ತೋರಿಸಿದರು. ಅವರ ತಂದೆಯದು. ಒಳಗಿನ ಪಟ್ಟಿ ಬೆವರಿಗೆ ಕಪ್ಪಾಗಿತ್ತು, ಹೊಲಿಗೆ ಒಂದು ಕಡೆ ಬಿಟ್ಟಿತ್ತು. ತಂದೆ 1957 ನೋಡಿದ್ದರಂತೆ, 1992ರ ಆ ಒಂದು ಗೆಲುವೂ ನೋಡಿದ್ದರಂತೆ, ಇದಕ್ಕೆ ಇರಲಿಲ್ಲ. ಎರಡು ವಾರದ ನಂತರ ಸೋತ ರಾತ್ರಿ ಅವರ ಮನೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಬೆಳಿಗ್ಗೆ ಹಿಮ ಎತ್ತುವಾಗ ಆ ಟೊಪ್ಪಿ ಹಾಕಿಕೊಂಡೇ ಬಂದಿದ್ದರು.

ನಿಮ್ಮ ಮೊದಲನೇ ಸಹೋದ್ಯೋಗಿಗೆ ವಾದದಿಂದ ಒಪ್ಪಿಸಲು ಹೋಗಬೇಡಿ, ಆಗುವುದಿಲ್ಲ. ಪಂದ್ಯದ ವಿಡಿಯೋ ಹುಡುಕಿ. ಮೂರನೇ ಕ್ವಾರ್ಟರ್, ಗಡಿಯಾರದಲ್ಲಿ ಏಳು ನಿಮಿಷದ ಆಸುಪಾಸು, 24-10. ಗಾಫ್ ಕೈಯಿಂದ ಚೆಂಡು ಹೊರಟ ಕೂಡಲೇ ನಿಲ್ಲಿಸಿ. ಮೈದಾನದ ಮೇಲೆ ಹಳದಿ ಗೆರೆ ಕಾಣುತ್ತದೆ, ಅದು ದಾಟಬೇಕಾದ ಜಾಗ. ರೆನಾಲ್ಡ್ಸ್ ಎಲ್ಲಿದ್ದಾರೆ, ಅವರ ಹತ್ತಿರ ಎಷ್ಟು ಜನ ಇದ್ದಾರೆ ಅಂತ ಇಬ್ಬರೂ ನೋಡಿ. ಆಮೇಲೆ ಮುಂದಕ್ಕೆ ಬಿಡಿ, ಚೆಂಡು ಕೈ ಮುಟ್ಟುವವರೆಗೆ ಮಾತ್ರ. ಅಲ್ಲಿ ನಿಲ್ಲಿಸಿ ಕೇಳಿ: ಈ ಕ್ಷಣದವರೆಗೆ ಕೋಚ್ ಏನು ತಪ್ಪು ಮಾಡಿದ್ದಾರೆ?